ಹಳೇ ಮರದ ಬೋಟು ರಿಪೇರಿ: ಮೊದಲು ಹಲಗೆ, ಆಮೇಲೆ ಎಂಜಿನ್

ಹಳೇ ಮರದ ಬೋಟು ಕೊಂಡವರಲ್ಲಿ ಹೆಚ್ಚಿನವರು ಮೊದಲು ಕೈ ಹಾಕುವುದು ಎಂಜಿನ್‌ಗೆ. ಸ್ಟಾರ್ಟ್ ಆಯಿತು, ಹೊಗೆ ಬಂತು, ಖುಷಿಯಾಯಿತು. ಇದ್ದ ದುಡ್ಡೆಲ್ಲ ಪಿಸ್ಟನ್, ಲೈನರ್, ಪಂಪು ಅಂತ ಹೋಗುತ್ತದೆ. ಆಮೇಲೆ ನೋಡಿದರೆ ಎಂಜಿನ್ ಕೂರಿಸಿದ ಮರವೇ ಮೆತ್ತಗಾಗಿರುತ್ತದೆ. ಬೋಲ್ಟು ಬಿಗಿ ಮಾಡಿದಷ್ಟೂ ಒಳಗೆ ಇಳಿಯುತ್ತದೆ, ಫ್ಯಾನು (ಪ್ರೊಪೆಲ್ಲರ್) ತಿರುಗಿಸುವ ಷಾಫ್ಟಿನ ಲೈನ್ ತಪ್ಪುತ್ತದೆ, ಹೊಸ ಗೇರ್‌ಬಾಕ್ಸ್ ಒಂದೇ ಸೀಸನ್‌ನಲ್ಲಿ ಕಿರುಗುಟ್ಟುತ್ತದೆ.

ಎಂಜಿನ್ ಕೆಲಸ ಗೊತ್ತಿರುವವರು ಊರಿಗೆ ನಾಲ್ಕು ಜನ ಸಿಗುತ್ತಾರೆ. ಬಿಡಿಭಾಗ ಸಿಗದಿದ್ದರೆ ಲೇತ್‌ನಲ್ಲಿ ಮಾಡಿಸಬಹುದು. ಹಲಗೆ ಕೂರಿಸುವ ಕೈ ಮಾತ್ರ ಈಗ ಕಡಿಮೆ. ಆದ್ದರಿಂದ ಸಮಯವಾಗಲಿ ದುಡ್ಡಾಗಲಿ, ಮೊದಲ ಪಾಲು ಮರಕ್ಕೆ ಎತ್ತಿಡಿ.

ನಾನಿಲ್ಲಿ ಹೇಳುತ್ತಿರುವುದು ನಮ್ಮ ಕರಾವಳಿಯ ಅಳಿವೆಗಳಲ್ಲಿ ಕಾಣುವಂಥ 22ರಿಂದ 30 ಅಡಿಯ ಬೋಟಿನ ಬಗ್ಗೆ. ಹಲಗೆಗೆ ಹಲಗೆ ಅಂಚು ತಾಗಿಸಿ ಕಟ್ಟಿದ ಮೈ. ಒಳಗೆ ಎರಡೋ ಮೂರೋ ಸಿಲಿಂಡರಿನ, ನೀರಿನಿಂದ ತಂಪಾಗುವ ಡೀಸೆಲ್ ಎಂಜಿನ್. ಯೂಟ್ಯೂಬ್‌ನಲ್ಲಿ ಕಾಣುವ ಅಮೆರಿಕದ ಕ್ರಿಸ್‌ಕ್ರಾಫ್ಟ್‌ನಂಥ ಮಹಾಗನಿ ಬೋಟುಗಳು ಬೇರೆಯೇ ಜಾತಿ. ಅವು ಹೆಚ್ಚಾಗಿ ಸಿಹಿನೀರಿನ ಸರೋವರದಲ್ಲಿ ಓಡಾಡಿ, ಚಳಿಗಾಲವಿಡೀ ಶೆಡ್ಡಿನಲ್ಲಿ ಕೂರುವಂಥವು. ಆ ವಿಡಿಯೊ ನೋಡಿ ಕಲಿಯುವುದು ತುಂಬಾ ಇದೆ. ಆದರೆ ಅಲ್ಲಿನ ವಾರ್ನಿಷ್ ಹೊಳಪನ್ನು ಕುಂದಾಪುರದ ಬಿಸಿಲಲ್ಲಿ ಉಳಿಸಿಕೊಳ್ಳಲು ಹೋದರೆ ಪ್ರತಿ ವರ್ಷ ಉಜ್ಜುತ್ತಾ ಕೂರಬೇಕಾಗುತ್ತದೆ.

ಕೊಳ್ಳುವ ಮೊದಲು ಚುಚ್ಚಿ ನೋಡಿ

ಒಂದು ಚೂಪಾದ ದಬ್ಬಳ, ಒಂದು ಸಣ್ಣ ಸುತ್ತಿಗೆ, ಒಂದು ಟಾರ್ಚು. ಇಷ್ಟು ಸಾಕು. ಬಣ್ಣ ಹೊಸದಾಗಿ ಬಳಿದಿದ್ದರೆ ಅನುಮಾನ ಜಾಸ್ತಿ ಇರಲಿ.

ಸುತ್ತಿಗೆಯಿಂದ ಹಲಗೆಯ ಮೇಲೆ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಮರ ಟಣ್ ಎನ್ನುತ್ತದೆ. ಹಾಳಾದದ್ದು ದಪ್ ಎನ್ನುತ್ತದೆ. ದಪ್ ಎಂದ ಕಡೆ ದಬ್ಬಳ ಚುಚ್ಚಿ. ಕಾಲು ಇಂಚಿಗಿಂತ ಜಾಸ್ತಿ ಸಲೀಸಾಗಿ ಇಳಿದರೆ ಆ ಜಾಗಕ್ಕೆ ಚಾಕ್‌ನಲ್ಲಿ ಗುರುತು ಹಾಕಿ.

ಇನ್ನು ಎಲ್ಲಿ ನೋಡಬೇಕು ಅನ್ನುವುದು ಮುಖ್ಯ. ನೀರಿನೊಳಗೆ ಸದಾ ಮುಳುಗಿರುವ ಹಲಗೆಯನ್ನು ಕೊಳೆ ಅಷ್ಟು ಬೇಗ ತಿನ್ನುವುದಿಲ್ಲ. ಉಪ್ಪುನೀರು ಕೊಳೆಸುವ ಶಿಲೀಂಧ್ರಕ್ಕೆ ಆಗಿಬರುವುದಿಲ್ಲ. ಮರವನ್ನು ನಿಜವಾಗಿ ತಿನ್ನುವುದು ಮಳೆನೀರು. ಮೇಲಿನ ಡೆಕ್ಕಿನ ಸಂದಿಯಿಂದ ಇಳಿದು, ಗಾಳಿಯಾಡದ ಮೂಲೆಯಲ್ಲಿ ನಿಂತ ಸಿಹಿನೀರು. ಹಾಗಾಗಿ ಡೆಕ್ಕಿನ ಕೆಳಗೆ ಅಡ್ಡಮರಗಳ ತುದಿ, ಹಿಂಭಾಗದ ಹಲಗೆಯ ಮೂಲೆಗಳು, ಹಲಗೆಗೆ ಒಳಗಿನಿಂದ ಆಸರೆಯಾದ ಪಕ್ಕೆಮರಗಳ ಮೇಲ್ತುದಿ ಇವನ್ನು ಬಿಡದೆ ನೋಡಿ. ಎಂಜಿನ್ ಕೂರುವ ಬೆಡ್ಡಿನ ಮರದಲ್ಲಿ ಡೀಸೆಲ್, ಆಯಿಲ್ ಇಳಿದು ಕಪ್ಪಾಗಿರುತ್ತದೆ. ಕಪ್ಪು ಇದ್ದರೆ ಪರವಾಗಿಲ್ಲ, ಮೆತ್ತಗಿದ್ದರೆ ಕಷ್ಟ.

ನೀರಿನ ಕೆಳಗಿನ ಮರಕ್ಕೆ ಬೇರೆ ಶತ್ರು. ಅದು ಮರ ಕೊರೆಯುವ ಹುಳು. ಹುಳು ಅಂತ ಕರೆದರೂ ಅದು ಮರುವಾಯಿಯ (ಎರಡು ಚಿಪ್ಪಿನ ಮೃದ್ವಂಗಿ) ಜಾತಿಗೆ ಸೇರಿದ ಪ್ರಾಣಿ. ಮರಿಯಾಗಿದ್ದಾಗ ಸೂಜಿ ಮೊನೆಯಷ್ಟು ತೂತು ಮಾಡಿ ಒಳಗೆ ಸೇರುತ್ತದೆ. ಒಳಗೇ ಬೆಳೆದು, ಪೆನ್ಸಿಲ್ ದಪ್ಪದ ಸುರಂಗ ಕೊರೆಯುತ್ತದೆ. ಸುರಂಗದ ಒಳಮೈಗೆ ಸುಣ್ಣದ ಲೇಪ ಇರುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕೀಲ್‌ನ (ಬೋಟಿನ ತಳದ ಬೆನ್ನುಮರ) ಕೆಳಭಾಗದಲ್ಲಿ, ಅಂದರೆ ಯಾರೂ ಬಣ್ಣ ಬಳಿಯಲು ಬಗ್ಗದ ಜಾಗದಲ್ಲಿ ಇದು ಜಾಸ್ತಿ. ಅನುಮಾನ ಬಂದರೆ ಸಣ್ಣ ಡ್ರಿಲ್ ಬಿಟ್‌ನಿಂದ ಒಂದು ತೂತು ಕೊರೆದು, ಹೊರಬಂದ ಪುಡಿ ನೋಡಿ. ಒಣ, ಗಟ್ಟಿ ಪುಡಿ ಬಂದರೆ ಸರಿ. ಬಿಟ್ಟು ನಡುವೆ ಖಾಲಿ ಜಾಗಕ್ಕೆ ಜಾರಿದರೆ ಒಳಗೆ ಸುರಂಗವಿದೆ.

ಆಮೇಲೆ ಮೊಳೆ. ಕಬ್ಬಿಣದ ಮೊಳೆಯ ಸುತ್ತ ಮರ ಕಪ್ಪಾಗಿ, ಮೊಳೆ ಬೆರಳಲ್ಲಿ ಅಲ್ಲಾಡಿದರೆ ಆ ಹಲಗೆಯ ಹಿಡಿತ ಮುಗಿಯಿತು ಅಂತಲೇ ಲೆಕ್ಕ. ಒಂದೆರಡು ಕಡೆ ಹಾಗಿದ್ದರೆ ಹೆದರಬೇಡಿ. ಎಲ್ಲ ಕಡೆ ಹಾಗಿದ್ದರೆ ಬೋಟು ಪೂರ್ತಿ ಮೊಳೆ ಬದಲಿಸಬೇಕು. ಆ ಕೂಲಿ ಸಣ್ಣದಲ್ಲ.

ಕೊನೆಗೆ ಹಿಂದೆ ನಿಂತು, ಬೋಟಿನ ಉದ್ದಕ್ಕೂ ಕಣ್ಣು ಹಾಯಿಸಿ. ಮುಂಭಾಗ, ಹಿಂಭಾಗ ಜೋತು ಬಿದ್ದು ನಡುವೆ ಉಬ್ಬಿದ್ದರೆ ಕೀಲ್ ಬಾಗಿದೆ. ಕೀಲ್ ಬಾಗಿ, ಪಕ್ಕೆಮರಗಳಲ್ಲಿ ಮೂರರಲ್ಲಿ ಒಂದು ಮುರಿದಿದ್ದರೆ ಆ ಬೋಟು ಬಿಟ್ಟುಬಿಡಿ ಅನ್ನುವುದು ನನ್ನ ಸಲಹೆ. ಎಷ್ಟೇ ಅಗ್ಗವಾಗಿ ಸಿಕ್ಕರೂ ಸರಿ.

ಕಾಗದಪತ್ರ ಮರೆಯಬೇಡಿ. ಮೀನುಗಾರಿಕೆ ಬೋಟಾದರೆ ಪಕ್ಕದಲ್ಲಿ ಬರೆದ ನೋಂದಣಿ ನಂಬರು ಮತ್ತು ಪುಸ್ತಕ ತಾಳೆಯಾಗಬೇಕು. ಹೊಳೆ, ಹಿನ್ನೀರಿನಲ್ಲಿ ಎಂಜಿನ್ ಬೋಟು ಓಡಿಸಬೇಕಾದರೆ 2021ರ ಒಳನಾಡು ಹಡಗು ಕಾಯ್ದೆಯ ಪ್ರಕಾರ ಸರ್ವೆ, ನೋಂದಣಿ ಬೇಕು. ಜನರನ್ನು ಕೂರಿಸಿ ದುಡ್ಡು ತೆಗೆದುಕೊಳ್ಳುವ ಯೋಚನೆ ಇದ್ದರೆ ಮೊದಲೇ ವಿಚಾರಿಸಿ. ಸರ್ವೆಗೆ ಬೇಕಾದಂತೆ ಕಟ್ಟುವುದು ಸುಲಭ, ಕಟ್ಟಿದ ಮೇಲೆ ಬದಲಿಸುವುದು ಕಷ್ಟ.

ಯಾವಾಗ ಶುರು ಮಾಡಬೇಕು

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ದಡಕ್ಕೆ ಬರುತ್ತವೆ, ರಿಪೇರಿ ನಡೆಯುತ್ತದೆ. ಆದರೆ ದೊಡ್ಡ ಮರಗೆಲಸಕ್ಕೆ ಅದು ಒಳ್ಳೆಯ ಕಾಲ ಅಲ್ಲ. ಜಡಿಮಳೆಯಲ್ಲಿ ಬಣ್ಣ ಹಿಡಿಯುವುದಿಲ್ಲ, ಎಪಾಕ್ಸಿ ಅಂಟು ಸರಿಯಾಗಿ ಕೂರುವುದಿಲ್ಲ. ಮೇಸ್ತ್ರಿಗಳೂ ಆಗ ಸಿಗುವುದು ಕಷ್ಟ. ಮೀನುಗಾರಿಕೆಗೆ ಹೋಗದ ಬೋಟಾದರೆ ನವೆಂಬರ್ ಕೊನೆಯಲ್ಲಿ ಮೇಲೆಳೆದು, ಫೆಬ್ರವರಿ ಒಳಗೆ ಮರದ ಕೆಲಸ ಮುಗಿಸುವುದು ವಾಸಿ. ಏಪ್ರಿಲ್ ಬಿಸಿಲಿಗೆ ಬೋಟು ಬಿಟ್ಟರೆ ಹಲಗೆ ಒಣಗಿ, ಸಂದಿನಲ್ಲಿ ಬೆಳಕು ಕಾಣುವಷ್ಟು ಕುಗ್ಗುತ್ತದೆ. ಇದರಿಂದ ಆಗುವ ಎಡವಟ್ಟು ಮುಂದೆ ಹೇಳುತ್ತೇನೆ.

ಬೋಟನ್ನು ಚಪ್ಪರದ ಕೆಳಗೆ ಇಡಿ. ತೆಂಗಿನ ಮಡಲಿನ ಚಪ್ಪರ ಟಾರ್ಪಾಲಿಗಿಂತ ಎಷ್ಟೋ ಮೇಲು, ಗಾಳಿ ಆಡುತ್ತದೆ. ಟಾರ್ಪಾಲನ್ನು ಬೋಟಿಗೇ ಬಿಗಿದು ಕಟ್ಟಿದರೆ ಒಳಗೆ ಬೆವರು ನಿಂತು ಕೊಳೆ ಶುರುವಾಗುತ್ತದೆ. ಮರದೊಳಗಿನ ತೇವ ಶೇಕಡಾ 20ರ ಕೆಳಗಿದ್ದರೆ ಕೊಳೆ ಬೆಳೆಯುವುದಿಲ್ಲ ಅನ್ನುವುದು ನೆನಪಿರಲಿ.

ಭಾರವೆಲ್ಲ ಕೀಲ್‌ನ ಮೇಲೆ ಕೂರಬೇಕು. ಮೂರು ನಾಲ್ಕು ಅಡಿಗೊಂದು ದಿಮ್ಮಿ ಕೊಡಿ. ಪಕ್ಕದ ಊರುಗೋಲು ಬೋಟು ವಾಲದಂತೆ ಹಿಡಿಯಲು ಮಾತ್ರ, ಭಾರ ಹೊರಲು ಅಲ್ಲ. ಒಂದು ನೂಲನ್ನು ಮುಂದಿನಿಂದ ಹಿಂದಕ್ಕೆ ಬಿಗಿದು ಕಟ್ಟಿ, ಮೂರು ಕಡೆ ಕೀಲ್‌ಗೆ ಇರುವ ಅಂತರ ಬರೆದಿಡಿ. ಕೆಲಸ ನಡೆಯುವಷ್ಟು ದಿನವೂ ವಾರಕ್ಕೊಮ್ಮೆ ಅಳೆಯಿರಿ. ಅಂತರ ಬದಲಾದರೆ ಬೋಟಿನ ಆಕಾರ ಬದಲಾಗುತ್ತಿದೆ ಅಂತ ಅರ್ಥ.

ಎಂಜಿನ್ ಇಳಿಸುವಾಗ

ಬಿಚ್ಚುವ ಮೊದಲು ಫೋಟೊ ತೆಗೆಯಿರಿ. ಪ್ರತಿ ಪೈಪು, ಪ್ರತಿ ವೈರು, ಎರಡೆರಡು ಕೋನದಿಂದ. ಎಂಜಿನ್ ಪ್ಲೇಟಿನ ಮೇಲಿನ ಮಾಡೆಲ್, ಸೀರಿಯಲ್ ನಂಬರು ಬರೆದುಕೊಳ್ಳಿ. ಮ್ಯಾನ್ಯುಯಲ್ ಹುಡುಕಲು ಅದೇ ದಾರಿ.

ಎಂಜಿನ್ ಕಾಲುಗಳ ಕೆಳಗೆ ಎತ್ತರ ಸರಿಹೊಂದಿಸುವ ತೆಳು ತಗಡಿನ ಷಿಮ್‌ಗಳಿರುತ್ತವೆ. ಯಾವ ಕಾಲಿನದು ಎಷ್ಟು ಅಂತ ಬೇರೆ ಬೇರೆ ಕಟ್ಟು ಕಟ್ಟಿ, ಚೀಟಿ ಹಚ್ಚಿ. ಇವನ್ನೆಲ್ಲ ಒಂದೇ ಡಬ್ಬಕ್ಕೆ ಸುರಿದರೆ ಜೋಡಣೆಯನ್ನು ಸೊನ್ನೆಯಿಂದ ಶುರು ಮಾಡಬೇಕು.

ಡೀಸೆಲ್ ಪೈಪಿನ ಬಾಯಿಗೆಲ್ಲ ಪ್ಲಾಸ್ಟಿಕ್ ಸುತ್ತಿ ಕಟ್ಟಿ. ಪಂಪಿಗೆ ಒಂದು ಕಣ ಮರಳು ಹೋದರೂ ಖರ್ಚು ಬರುತ್ತದೆ. ಎಂಜಿನ್ ಕಡೆಯನ್ನೂ ಷಾಫ್ಟನ್ನೂ ಕೂಡಿಸುವ ಕಪ್ಲಿಂಗ್ ಬೋಲ್ಟು ಬಿಚ್ಚಿ, ಎಕ್ಸಾಸ್ಟ್ ಬಿಚ್ಚಿ, ಕಾಲಿನ ಬೋಲ್ಟು ತೆಗೆದು ಚೈನ್ ಪುಲ್ಲಿಯಿಂದ ಎತ್ತಿ. ಚೈನನ್ನು ಚಪ್ಪರದ ಕಂಬಕ್ಕೆ ಕಟ್ಟಬೇಡಿ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು ಬಾಡಿಗೆಗೆ ತನ್ನಿ.

ಎಂಜಿನ್ ಹೊರಗೆ ಬಂದ ಮೇಲೆ ತಳ ಪೂರ್ತಿ ಕಾಣುತ್ತದೆ. ವರ್ಷಗಟ್ಟಲೆ ನಿಂತ ಗ್ರೀಸನ್ನು ಸೋಪಿನ ನೀರಿನಲ್ಲಿ ತೊಳೆದು, ಮತ್ತೊಮ್ಮೆ ದಬ್ಬಳ ಹಿಡಿದು ಕೂರಿ. ಮೊದಲ ಸಲ ಸಿಗದ ಕೊಳೆ ಈಗ ಸಿಗುತ್ತದೆ.

ಪಕ್ಕೆಮರ, ಹಲಗೆ

ಒಳಗಿನ ಮರ ಮೊದಲು, ಹೊರಗಿನ ಹಲಗೆ ಆಮೇಲೆ. ಹಲಗೆಗಳನ್ನು ಸಾಲಾಗಿ ಒಟ್ಟಿಗೆ ಕಿತ್ತುಬಿಡುವ ಆಸೆ ಬರುತ್ತದೆ. ಬೇಡ. ಹಲಗೆಗಳೇ ಬೋಟಿನ ಆಕಾರ ಹಿಡಿದಿರುವುದು. ಒಂದು ಬಿಟ್ಟು ಒಂದು ತೆಗೆಯಿರಿ. ಆ ಪಕ್ಕ ಒಂದು ತೆಗೆದರೆ ಈ ಪಕ್ಕ ಒಂದು. ಹೊಸದು ಕೂರಿಸಿ ಮೊಳೆ ಹೊಡೆದ ಮೇಲೆ ಮುಂದಿನದು.

ಯಾವ ಮರ? ನಮ್ಮ ಕಡೆ ಹಲಗೆಗೆ ಹೆಬ್ಬಲಸು ಹಳಬರ ಆಯ್ಕೆ. ಉಪ್ಪುನೀರಿನಲ್ಲಿ ಬಾಳುತ್ತದೆ, ಕೆಲಸಕ್ಕೂ ಒಗ್ಗುತ್ತದೆ. ಕೀಲ್‌ಗೆ, ಎಂಜಿನ್ ಬೆಡ್ಡಿಗೆ ಕಿರಾಲ್‌ಬೋಗಿಯಂಥ ಗಟ್ಟಿ, ಭಾರದ ಮರ ಬೇಕು. ಸಾಗುವಾನಿ ಎಲ್ಲದಕ್ಕೂ ಆಗುತ್ತದೆ, ಜೇಬಿಗೆ ಆಗುವುದಿಲ್ಲ ಅಷ್ಟೇ. ಮರ ತರುವಾಗ ಬಿಲ್ಲು, ಅರಣ್ಯ ಇಲಾಖೆಯ ಪಾಸು ಇಟ್ಟುಕೊಳ್ಳಿ. ಬೋಟಿನಲ್ಲಿ ಈಗ ಇರುವ ಮರ ಯಾವುದೆಂದು ಮೇಸ್ತ್ರಿಗೆ ತೋರಿಸಿ, ಅದಕ್ಕೆ ಹತ್ತಿರದ್ದನ್ನೇ ಹಾಕುವುದು ಒಳ್ಳೆಯದು. ಒಂದು ಹಲಗೆ ಜಾಸ್ತಿ ಉಬ್ಬುವಂಥದ್ದು, ಪಕ್ಕದ್ದು ಕಡಿಮೆ ಉಬ್ಬುವಂಥದ್ದು ಆದರೆ ಸಂದು ನಿಲ್ಲುವುದಿಲ್ಲ.

ಬಾಗಿಸುವ ಪಕ್ಕೆಮರಕ್ಕೆ ಹಬೆ ಬೇಕು. ಹಲಗೆಯಿಂದ ಒಂದು ಉದ್ದದ ಪೆಟ್ಟಿಗೆ ಮಾಡಿ, ಡ್ರಮ್ಮಿನಲ್ಲಿ ನೀರು ಕುದಿಸಿ, ಪೈಪಿನಿಂದ ಹಬೆ ಬಿಡಿ. ಲೆಕ್ಕ ಸುಲಭ. ಒಂದು ಇಂಚು ದಪ್ಪಕ್ಕೆ ಒಂದು ಗಂಟೆ. ಪೆಟ್ಟಿಗೆಯಿಂದ ತೆಗೆದ ಮೇಲೆ ಒಂದು ನಿಮಿಷದೊಳಗೆ ಬಾಗಿಸಿ ಕ್ಲ್ಯಾಂಪ್ ಬಿಗಿಯಬೇಕು. ಅಷ್ಟರಲ್ಲಿ ಕ್ಲ್ಯಾಂಪ್ ಎಲ್ಲಿದೆ ಅಂತ ಹುಡುಕುವ ಹಾಗಿಲ್ಲ. ಮೂರು ಜನ ಕೈಗೆ ದಪ್ಪ ಬಟ್ಟೆಯ ಗ್ಲೌಸ್ ಹಾಕಿ ನಿಂತಿರಬೇಕು. ಬಿಸಿ ಗೂಡಿನಲ್ಲಿ (ಕಿಲ್ನ್) ಒಣಗಿಸಿದ ಮರ ಬಾಗುವುದಿಲ್ಲ, ಮುರಿಯುತ್ತದೆ. ಗಾಳಿಯಲ್ಲಿ ಒಣಗಿದ, ಗಂಟಿಲ್ಲದ, ಎಳೆ ನೇರವಾಗಿರುವ ತುಂಡು ಆರಿಸಿ.

ಹಲಗೆ ಪೂರ್ತಿ ಬದಲಿಸದೆ ಹಾಳಾದ ಭಾಗ ಮಾತ್ರ ಕತ್ತರಿಸುವುದಾದರೆ ಎರಡು ದಾರಿ. ತುದಿಗೆ ತುದಿ ತಾಗಿಸಿ ಒಳಗಿನಿಂದ ಒಂದು ದಪ್ಪ ತುಂಡು ಕೊಡುವುದು ಒಂದು. ಓರೆಯಾಗಿ ಕೆತ್ತಿ ಒಂದರ ಮೇಲೊಂದು ಅಂಟಿಸುವುದು ಇನ್ನೊಂದು. ಓರೆ ಕೂಡಿಕೆಯಾದರೆ ಹಲಗೆಯ ದಪ್ಪದ ಎಂಟು ಪಟ್ಟು ಉದ್ದ ಇರಲೇಬೇಕು. ಒಂದು ಇಂಚು ಹಲಗೆಗೆ ಎಂಟು ಇಂಚು ಓರೆ. ಪಕ್ಕಪಕ್ಕದ ಹಲಗೆಗಳ ಕೂಡಿಕೆ ಒಂದೇ ಸಾಲಿನಲ್ಲಿ ಬರದಂತೆ ನೋಡಿಕೊಳ್ಳಿ.

ಲೋಹ ಬೆರೆಸಬೇಡಿ. ಹಳೆಯದು ತಾಮ್ರದ ಮೊಳೆಯಾದರೆ ಹೊಸದೂ ತಾಮ್ರವೇ. ಪಕ್ಕದಲ್ಲೇ ಜಿಂಕ್ ಲೇಪದ ಕಬ್ಬಿಣ ಹೊಡೆದರೆ ಉಪ್ಪುನೀರಿನಲ್ಲಿ ಕಬ್ಬಿಣ ಕರಗಿ ಹೋಗುತ್ತದೆ. ಸ್ಟೀಲ್ ಸ್ಕ್ರೂ ಹೊಳೆಯುತ್ತದೆ ಅಂತ ನೀರಿನ ಕೆಳಗೆ ಹಾಕುವವರಿದ್ದಾರೆ. ಗಾಳಿ ಸಿಗದ ಒದ್ದೆ ಮರದೊಳಗೆ ಸ್ಟೇನ್‌ಲೆಸ್ ಸ್ಟೀಲ್ ಕೂಡ ಗುಟ್ಟಾಗಿ ತುಕ್ಕು ತಿನ್ನುತ್ತದೆ. ತಲೆ ಹೊಳೆಯುತ್ತಿರುತ್ತದೆ, ಕತ್ತು ತುಂಡಾಗಿರುತ್ತದೆ. ಹಿತ್ತಾಳೆ ಸ್ಕ್ರೂ ಅಂತೂ ಬೇಡವೇ ಬೇಡ. ಅದರಲ್ಲಿನ ಸತು ಕರಗಿ, ಗುಲಾಬಿ ಬಣ್ಣದ ಪುಡಿತಾಮ್ರ ಉಳಿಯುತ್ತದೆ.

ಸಂದು ತುಂಬುವುದು

ಜಾಸ್ತಿ ಬೋಟು ಹಾಳಾಗುವುದು ಇಲ್ಲಿಯೇ, ಅದೂ ಒಳ್ಳೆಯ ಮನಸ್ಸಿನಿಂದ.

ಬೇಸಿಗೆಯಲ್ಲಿ ಒಣಗಿ ಕುಗ್ಗಿದ ಹಲಗೆಗಳ ನಡುವೆ ದೊಡ್ಡ ಸಂದು ಕಾಣುತ್ತದೆ. ನೋಡಿದವರು ಗಾಬರಿಯಾಗಿ ಎಪಾಕ್ಸಿ ಪುಟ್ಟಿ, ಎಂ-ಸೀಲ್, ಕೆಲವೊಮ್ಮೆ ಸಿಮೆಂಟನ್ನೂ ಒತ್ತಿ ತುಂಬುತ್ತಾರೆ. ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ನೀರಿಗೆ ಇಳಿಸಿದ ಮೇಲೆ ಹಲಗೆ ನೀರು ಕುಡಿದು ಉಬ್ಬುತ್ತದೆ. ಉಬ್ಬಲು ಜಾಗ ಇಲ್ಲ. ಆಗ ಹಲಗೆ ಪಕ್ಕೆಮರದಿಂದ ಮೊಳೆಯನ್ನೇ ಕಿತ್ತುಕೊಂಡು ಹೊರಗೆ ಬರುತ್ತದೆ, ಇಲ್ಲವೇ ಪಕ್ಕೆಮರ ಮುರಿಯುತ್ತದೆ. ಸೋರುವ ಬೋಟು ಒಡೆದ ಬೋಟಾಗುತ್ತದೆ.

ಸರಿಯಾದ ಕ್ರಮ ಹೀಗೆ. ಸಂದು ಒಳಗಡೆ ಮುಚ್ಚಿಕೊಂಡು, ಹೊರಗಡೆ ಸ್ವಲ್ಪ ತೆರೆದಿರಬೇಕು. ಹಳೇ ತುಂಬನ್ನು ಬಾಗಿದ ಕೊಕ್ಕೆಯಿಂದ ಕೆರೆದು ತೆಗೆಯಿರಿ. ಇಲ್ಲಿ ಗ್ರೈಂಡರ್ ಬೇಡ. ಗ್ರೈಂಡರ್ ಹಿಡಿದವರು ಮರವನ್ನೂ ಕೆರೆದು ಸಂದು ಇಮ್ಮಡಿ ಮಾಡುತ್ತಾರೆ. ಖಾಲಿ ಸಂದಿಗೆ ತೆಳುವಾಗಿ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಹತ್ತಿಯ ಎಳೆಯನ್ನು ಸಣ್ಣ ಸಣ್ಣ ಮಡಿಕೆಯಾಗಿ ಇಟ್ಟು, ಮೊಂಡು ಉಳಿ ಮತ್ತು ಮರದ ಕೊಡತಿಯಿಂದ ಒಳಗೆ ಹೊಡೆಯಿರಿ. ಅಗಲ ಸಂದಿಗೆ ದಪ್ಪ ಮಡಿಕೆ, ಕಿರಿದಾದ ಸಂದಿಗೆ ಒಂದೇ ಎಳೆ. ಹತ್ತಿ ಗಟ್ಟಿಯಾಗಿ ಕೂರಬೇಕು. ಆದರೆ ಹಲಗೆಯಿಂದ ಒಳಗೆ ತೂರಿ ಹೋಗುವಷ್ಟು ಹೊಡೆಯಬಾರದು. ಕೊಡತಿಯ ಶಬ್ದ ಬದಲಾದಾಗ ಸಾಕು ಅಂತ ಮೇಸ್ತ್ರಿಗೆ ಗೊತ್ತಾಗುತ್ತದೆ. ಈ ಕಿವಿ ಬರಲು ದಿನ ಬೇಕು. ಮೊದಲ ಎರಡು ಹಲಗೆಗೆ ಅವರ ಪಕ್ಕ ಕೂತು ನೋಡಿ.

ಹತ್ತಿಯ ಮೇಲೆ ಮತ್ತೆ ಪ್ರೈಮರ್, ಅದರ ಮೇಲೆ ಮೆತ್ತಗೇ ಉಳಿಯುವ ಪುಟ್ಟಿ. ಹಿಂದೆ ಧೂಪದ ಮರದ ರಾಳವನ್ನು ಎಣ್ಣೆಯಲ್ಲಿ ಕಾಯಿಸಿ ಹಚ್ಚುತ್ತಿದ್ದರು. ಈಗ ಟ್ಯೂಬಿನಲ್ಲಿ ಸಿಗುವ ಪಾಲಿಯುರೆಥೇನ್ ಸೀಲೆಂಟ್ ಹಾಕುತ್ತಾರೆ. ಎರಡೂ ಸರಿ. ಪುಟ್ಟಿಯನ್ನು ಹಲಗೆಯ ಮಟ್ಟಕ್ಕಿಂತ ಸ್ವಲ್ಪ ಒಳಗೇ ಬಿಡಿ. ಹಲಗೆ ಉಬ್ಬಿದಾಗ ಅದು ಹೊರಗೆ ಬಂದು ಸಮವಾಗುತ್ತದೆ.

ಇಷ್ಟಾದ ಮೇಲೂ ಸಣ್ಣ ಸಂದು ಉಳಿದರೆ "ನೀರ್ ಕುಡ್ದ್ರೆ ಸರಿ ಆತ್ತ್ ಮಾರಾಯ್ರೆ" ಅಂತ ಮೇಸ್ತ್ರಿ ಹೇಳುತ್ತಾರೆ. ಹೆಚ್ಚಿನ ಸಲ ಆ ಮಾತು ನಿಜ.

ಎಣ್ಣೆ, ಬಣ್ಣ, ಫೈಬರ್

ಕರಾವಳಿಯ ಹಳೇ ಪದ್ಧತಿ ಗೇರುಬೀಜದ ಸಿಪ್ಪೆಯ ಎಣ್ಣೆ. ಮರಕ್ಕೆ ಆಳವಾಗಿ ಇಳಿಯುತ್ತದೆ, ಹುಳು ಬೇಗ ಹತ್ತಿರ ಬರುವುದಿಲ್ಲ. ಆದರೆ ಮೈಗೆ ತಾಗಿದರೆ ಸುಟ್ಟು ಬೊಬ್ಬೆ ಏಳುತ್ತದೆ. ರಬ್ಬರ್ ಗ್ಲೌಸು, ಕನ್ನಡಕ, ಪೂರ್ತಿ ತೋಳಿನ ಅಂಗಿ ಇಲ್ಲದೆ ಮುಟ್ಟಬೇಡಿ. ನೀರಿನ ಮಟ್ಟದ ಕೆಳಗೆ ಪಾಚಿ, ಚಿಪ್ಪು ಹಿಡಿಯದಂತೆ ತಾಮ್ರ ಬೆರೆತ ಬಣ್ಣ ಬೇಕು. ಕೀಲ್‌ನ ಅಡಿಗೂ ಬಳಿಯಿರಿ. ದಿಮ್ಮಿ ಇದ್ದ ಜಾಗಕ್ಕೆ ದಿಮ್ಮಿ ಸರಿಸಿ ಬಳಿಯಿರಿ. ಹುಳಕ್ಕೆ ಅಂಗೈಯಗಲ ಬರಿ ಮರ ಸಿಕ್ಕರೆ ಸಾಕು.

ಹೊರಗೆ ಫೈಬರ್‌ಗ್ಲಾಸ್ ಹೊದಿಕೆ ಮಾಡಿಸಿಬಿಡಿ, ತಲೆನೋವು ಮುಗಿಯುತ್ತದೆ ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಹೊಸ, ಒಣ ಮರಕ್ಕಾದರೆ ಅದು ಒಳ್ಳೆಯ ದಾರಿಯೇ. ವರ್ಷಗಟ್ಟಲೆ ನೀರು, ಡೀಸೆಲ್ ಕುಡಿದ ಹಲಗೆಗೆ ಫೈಬರ್ ಅಂಟುವುದಿಲ್ಲ. ಅಂಟಿದರೂ ಒಳಗಿನ ತೇವ ಹೊರಗೆ ಹೋಗಲಾಗದೆ ಮರ ಒಳಗೊಳಗೇ ಕೊಳೆಯುತ್ತದೆ, ಹೊರಗೆ ನೋಡಿದರೆ ಬೋಟು ಚೆನ್ನಾಗೇ ಇರುತ್ತದೆ. ಇನ್ನು ನಾಲ್ಕೈದು ವರ್ಷ ಓಡಿದರೆ ಸಾಕು ಅನ್ನುವ ಬೋಟಿಗೆ ಮಾತ್ರ ನಾನು ಒಪ್ಪುತ್ತೇನೆ.

ಎಂಜಿನ್ ಬಿಚ್ಚುವುದು

ವರ್ಷಗಟ್ಟಲೆ ನಿಂತ ಎಂಜಿನ್ ಜಾಮ್ ಆಗಿರುತ್ತದೆ. ಸೆಲ್ಫ್ ಹೊಡೆಯಬೇಡಿ. ಇಂಜೆಕ್ಟರ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಸ್ವಲ್ಪ ಡೀಸೆಲ್ ಮತ್ತು ಗೇರ್ ಆಯಿಲ್ ಬೆರೆಸಿ ಸುರಿದು, ಕೆಲವು ದಿನ ಬಿಡಿ. ಆಮೇಲೆ ಫ್ಲೈವೀಲ್‌ಗೆ ಉದ್ದದ ಸರಳು ಕೊಟ್ಟು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಒಂದು ಕೂದಲೆಳೆ ಅಲ್ಲಾಡಿದರೂ ದಾರಿ ಸಿಕ್ಕಿತು.

ಹೆಡ್ ಬೋಲ್ಟನ್ನು ಹೊರಗಿನಿಂದ ಒಳಕ್ಕೆ, ಸ್ವಲ್ಪ ಸ್ವಲ್ಪವಾಗಿ ಸಡಿಲ ಮಾಡಿ. ಒಂದೇ ಕಡೆ ಪೂರ್ತಿ ಬಿಚ್ಚಿದರೆ ಹೆಡ್ ಸೊಟ್ಟಗಾಗುತ್ತದೆ. ಬಿಚ್ಚಿದ ಹೆಡ್‌ನ ಮೇಲೆ ನೇರವಾದ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ ನೋಡಿ. ನೀರಿನ ದಾರಿಯಲ್ಲಿ ಬಿರುಕಿದೆಯಾ ಅಂತ ಪ್ರೆಷರ್ ಟೆಸ್ಟ್ ಮಾಡಿಸಿ. ಸಮುದ್ರದ ಎಂಜಿನ್‌ನಲ್ಲಿ ಇದನ್ನು ಬಿಡಲೇಬಾರದು. ಉಪ್ಪು ತಿಂದು ತೆಳುವಾದ ಗೋಡೆ ಕಣ್ಣಿಗೆ ಕಾಣುವುದಿಲ್ಲ.

ಕನೆಕ್ಟಿಂಗ್ ರಾಡಿನ ಕ್ಯಾಪುಗಳಿಗೆ ಬಿಚ್ಚುವ ಮೊದಲೇ ನಂಬರು ಕುಟ್ಟಿ. ಒಂದನೆಯದರ ಕ್ಯಾಪು ಒಂದನೆಯದಕ್ಕೇ, ಅದೇ ಮುಖದಲ್ಲಿ ಕೂರಬೇಕು. ರಾಡು, ಕ್ಯಾಪು ಎರಡನ್ನೂ ಜೋಡಿಸಿಟ್ಟು ಒಟ್ಟಿಗೇ ತೂತು ಕೊರೆದಿರುತ್ತಾರೆ.

ಈಗ ಅಳತೆ. ಪಿಸ್ಟನ್ ಓಡಾಡುವ ಕೊಳವೆಯಾದ ಲೈನರನ್ನು ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಅಡ್ಡ ಉದ್ದ ಎರಡು ದಿಕ್ಕಿನಲ್ಲಿ ಅಳೆಯಬೇಕು. ಸವೆತ ಜಾಸ್ತಿ ಇರುವುದು ಮೇಲಿನ ರಿಂಗ್ ನಿಲ್ಲುವ ಜಾಗದಲ್ಲಿ. ಅಲ್ಲಿ ಉಗುರಿಗೆ ಮೆಟ್ಟಿಲು ಸಿಕ್ಕರೆ ಲೈನರ್ ಬದಲಿಸುವುದೇ ಸರಿ. ಹೊಸ ರಿಂಗನ್ನು ಪಿಸ್ಟನ್‌ಗೆ ಹಾಕುವ ಮೊದಲು ಲೈನರ್ ಒಳಗೆ ಚಚ್ಚೌಕವಾಗಿ ಇಟ್ಟು ಬಾಯಿಯ ಅಂತರ ನೋಡಿ. 100 ಮಿಲಿಮೀಟರ್ ಬೋರಿಗೆ ಸುಮಾರು 0.3ರಿಂದ 0.5 ಮಿಲಿಮೀಟರ್ ಇರುತ್ತದೆ. ಅಂತರವೇ ಇಲ್ಲದಿದ್ದರೆ ಬಿಸಿಯಾದಾಗ ರಿಂಗಿನ ತುದಿಗಳು ತಾಗಿ ಲೈನರ್ ಗೀರುತ್ತವೆ. ಕ್ರ್ಯಾಂಕನ್ನು ಮೈಕ್ರೋಮೀಟರಿನಲ್ಲಿ ಅಳೆದು, ದುಂಡು ತಪ್ಪಿದ್ದರೆ ಗ್ರೈಂಡಿಂಗ್‌ಗೆ ಕೊಡಿ. 0.25, 0.50 ಮಿಲಿಮೀಟರ್ ಅಂಡರ್‌ಸೈಜ್ ಬೇರಿಂಗ್ ಸಾಮಾನ್ಯವಾಗಿ ಸಿಗುತ್ತದೆ. ಬೇರಿಂಗ್ ಸಿಗುತ್ತದೆಯಾ ಅಂತ ಮೊದಲು ಖಚಿತ ಮಾಡಿಕೊಂಡು ಆಮೇಲೆ ಗ್ರೈಂಡ್ ಮಾಡಿಸಿ. ಬೇರಿಂಗ್ ಮತ್ತು ಕ್ರ್ಯಾಂಕಿನ ನಡುವಿನ ಸಡಿಲ 60 ಮಿಲಿಮೀಟರ್ ದಪ್ಪಕ್ಕೆ ಸುಮಾರು 0.06 ಮಿಲಿಮೀಟರ್ ಅಂತ ಅಂದಾಜು ಇಟ್ಟುಕೊಳ್ಳಿ. ಕೊನೆಯ ಮಾತು ಮಾತ್ರ ನಿಮ್ಮ ಎಂಜಿನ್ನಿನ ಮ್ಯಾನ್ಯುಯಲ್ಲಿನದು.

ವಾಲ್ವನ್ನು ಪೇಸ್ಟ್ ಹಾಕಿ ನೀವೇ ಉಜ್ಜಬಹುದು. ಉಜ್ಜಿದ ಮೇಲೆ ಹೆಡ್ ತಲೆಕೆಳಗೆ ಮಾಡಿ ಸೀಮೆಎಣ್ಣೆ ಸುರಿಯಿರಿ, ಸೋರದಿದ್ದರೆ ಸೀಟು ಕೂತಿದೆ. ಇಂಜೆಕ್ಟರ್ ಮತ್ತು ಡೀಸೆಲ್ ಪಂಪನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಕ್ಯಾಲಿಬ್ರೇಶನ್ ಅಂಗಡಿಗೆ ಕೊಡಿ. ಅಲ್ಲಿ ನಿಂತು ನಾಝಲ್ ಹೊಡೆಯುವ ರೀತಿ ನೋಡಿ. ಮಂಜಿನಂತೆ ಹರಡಬೇಕು, ನಿಂತ ಮೇಲೆ ತೊಟ್ಟಿಕ್ಕಬಾರದು.

ಕೂಡಿಸುವಾಗ ಆಯಿಲ್ ದಾರಿಗಳನ್ನೆಲ್ಲ ಬ್ರಷ್ಷು, ಗಾಳಿಯಿಂದ ಶುಚಿ ಮಾಡಿ. ಗ್ರೈಂಡಿಂಗ್ ಪುಡಿ ಒಂದು ಚಿಟಿಕೆ ಉಳಿದರೂ ಹೊಸ ಬೇರಿಂಗ್ ಮೊದಲ ಗಂಟೆಯಲ್ಲೇ ಹೋಗುತ್ತದೆ. ರಾಡ್ ಬೋಲ್ಟು ಹೊಸದೇ ಹಾಕಿ. ರಿಂಗಿನ ಬಾಯಿಗಳು ಒಂದರ ಕೆಳಗೊಂದು ಬರದಂತೆ ಸುತ್ತ ತಿರುಗಿಸಿಡಿ. ಪ್ರತಿ ಭಾಗ ಹಾಕಿದ ಮೇಲೂ ಕ್ರ್ಯಾಂಕ್ ಒಂದು ಸುತ್ತು ಕೈಯಲ್ಲಿ ತಿರುಗಿಸಿ. ಇದ್ದಕ್ಕಿದ್ದಂತೆ ಬಿಗಿಯಾದರೆ ಈಗಷ್ಟೇ ಹಾಕಿದ್ದರಲ್ಲೇ ತಪ್ಪಿದೆ ಅಂತ ಗೊತ್ತಾಗುತ್ತದೆ.

ಉಪ್ಪುನೀರು ಮತ್ತು ಹೊಗೆಯ ದಾರಿ

ಲಾರಿ ಎಂಜಿನ್ ಗೊತ್ತಿರುವ ಮೆಕ್ಯಾನಿಕ್ ಎಡವುವುದು ಇಲ್ಲಿ. ಸಮುದ್ರದ ನೀರನ್ನೇ ನೇರವಾಗಿ ಒಳಗೆ ಹರಿಸುವ ಎಂಜಿನ್ ಸುಮಾರು 60 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಓಡಬೇಕು. ಅದಕ್ಕಿಂತ ತುಂಬಾ ಬಿಸಿಯಾದರೆ ಉಪ್ಪು ಗೋಡೆಗೆ ಕಟ್ಟಿಕೊಂಡು ನೀರಿನ ದಾರಿ ಮುಚ್ಚುತ್ತದೆ. ಲಾರಿಯ ಥರ್ಮೋಸ್ಟಾಟ್ ತಂದು ಹಾಕಿದರೆ ಇದೇ ಆಗುವುದು. ಸಿಹಿನೀರು ಒಳಗೆ ಸುತ್ತಿ, ಉಪ್ಪುನೀರು ಬೇರೆ ಕೊಳವೆಯಲ್ಲಿ ಅದನ್ನು ತಣಿಸುವ ವ್ಯವಸ್ಥೆ ಇದ್ದರೆ ಈ ತೊಂದರೆ ಇಲ್ಲ. ಇರದಿದ್ದರೆ ಈಗಲೇ ಮಾಡಿಸುವುದು ಲಾಭ.

ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಹೊಸದು ಹಾಕಿ. ಹಳೆಯದರ ಎಲೆ ಮುರಿದಿದ್ದರೆ ಆ ತುಂಡು ಎಲ್ಲಿ ಹೋಯಿತು ಅಂತ ಹುಡುಕಿ ತೆಗೆಯಿರಿ. ಅದು ಮುಂದಿನ ಪೈಪಿನಲ್ಲೇ ಸಿಕ್ಕಿಕೊಂಡಿರುತ್ತದೆ. ನೀರು ಬೆರೆತು ಹೋಗುವ ಎಕ್ಸಾಸ್ಟ್ ಆದರೆ ಅದರ ಬಾಗು ಹೊರಗಿನ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿರಬೇಕು. ಇಲ್ಲದಿದ್ದರೆ ಎಂಜಿನ್ ನಿಂತಾಗ ನೀರು ಹಿಂದಕ್ಕೆ ಸಿಲಿಂಡರಿಗೆ ಬರುತ್ತದೆ. ಮರುದಿನ ಸೆಲ್ಫ್ ಹೊಡೆದರೆ ರಾಡ್ ಬಾಗುತ್ತದೆ.

ವೈರಿಂಗ್ ಬಗ್ಗೆ ಒಂದೇ ಮಾತು. ಹಳೆಯದನ್ನು ಉಳಿಸಲು ಹೋಗದೆ ಪೂರ್ತಿ ಹೊಸದು ಎಳೆಯಿರಿ. ಪೆಟ್ರೋಲ್ ಎಂಜಿನ್ ಇರುವ ಬೋಟಾದರೆ ಸ್ಟಾರ್ಟ್ ಮಾಡುವ ಮೊದಲು ತಳದ ಗಾಳಿ ಹೊರಹಾಕುವ ಬ್ಲೋವರ್ ಓಡಿಸುವುದು ಕಡ್ಡಾಯ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ.

ಷಾಫ್ಟು, ಫ್ಯಾನು

ಷಾಫ್ಟನ್ನು ವಿ-ಬ್ಲಾಕಿನ ಮೇಲಿಟ್ಟು ಡಯಲ್ ಗೇಜಿನಲ್ಲಿ ನೋಡಿಸಿ. ಬಾಗಿದ್ದರೆ ಲೇತ್‌ನವರು ನೆಟ್ಟಗೆ ಮಾಡುತ್ತಾರೆ. ನೀರು ತಡೆಯುವ ಪ್ಯಾಕಿಂಗ್ ಕೂರುವ ಜಾಗದಲ್ಲಿ ಆಳ ಗೀರು ಬಿದ್ದಿದ್ದರೆ ಹೊಸದೇ ಬೇಕು. ಫ್ಯಾನಿನ ಮೇಲೆ ಗುಲಾಬಿ ಕಲೆ ಕಂಡರೆ ಅದರ ಸತು ಕರಗಿದೆ. ತಟ್ಟಿದರೆ ಗಂಟೆಯ ದನಿ ಬರಬೇಕು. ಷಾಫ್ಟಿಗೂ ಚುಕ್ಕಾಣಿಗೂ ಸತುವಿನ ಬಿಲ್ಲೆ ಹಾಕಿ. ಅದು ತಾನು ಕರಗಿ ಉಳಿದ ಲೋಹ ಉಳಿಸುತ್ತದೆ. ಬಿಲ್ಲೆಯ ಮೇಲೆ ಬಣ್ಣ ಬಳಿಯಬೇಡಿ, ಬಳಿದರೆ ಅದು ಸುಮ್ನೆ ತೂಕ.

ಷಾಫ್ಟ್ ಹೊರಹೋಗುವ ಕಡೆ ಗ್ರೀಸಿನ ಪ್ಯಾಕಿಂಗ್ ಹಗ್ಗವನ್ನು ಸುರುಳಿಯಾಗಿ ಸುತ್ತಬೇಡಿ. ಷಾಫ್ಟಿನ ಮೇಲೇ ಸುತ್ತಿ ಓರೆಯಾಗಿ ಕತ್ತರಿಸಿ, ಬೇರೆ ಬೇರೆ ಉಂಗುರ ಮಾಡಿ, ಬಾಯಿಗಳು ಬೇರೆ ಬೇರೆ ದಿಕ್ಕಿಗೆ ಬರುವಂತೆ ಹಾಕಿ. ಓಡುವಾಗ ನಿಮಿಷಕ್ಕೆ ಎರಡು ಮೂರು ಹನಿ ಬರಬೇಕು. ಒಂದೂ ಬಾರದಷ್ಟು ಬಿಗಿದರೆ ಷಾಫ್ಟ್ ಸುಡುತ್ತದೆ.

ನೀರಿಗೆ

ಇಳಿಸುವ ನಾಲ್ಕೈದು ದಿನ ಮುಂಚೆಯೇ ಒಳಗೆ ಒದ್ದೆ ಗೋಣಿಚೀಲ ಹಾಸಿ, ದಿನಕ್ಕೆರಡು ಸಲ ನೀರು ಚಿಮುಕಿಸಿ. ಹಲಗೆ ನಿಧಾನವಾಗಿ ಉಬ್ಬಲು ಶುರುವಾಗುತ್ತದೆ. ಇಳಿಸಿದ ಮೇಲೂ ಸೋರುತ್ತದೆ, ಗಾಬರಿ ಬೇಡ. ಇಳಿತದಲ್ಲಿ ಮರಳ ಮೇಲೆ ಕೂರುವಂಥ ಆಳವಿಲ್ಲದ ಜಾಗದಲ್ಲಿ ಕಟ್ಟಿ, ಎರಡು ಪಂಪು ಇಟ್ಟು, ರಾತ್ರಿ ಒಬ್ಬರು ಕಾವಲಿರಿ. ಎರಡು ಮೂರು ದಿನದಲ್ಲಿ ಸೋರಿಕೆ ಕಡಿಮೆಯಾಗುತ್ತಾ ಬರಬೇಕು. ಒಂದೇ ಕಡೆಯಿಂದ ಒಂದೇ ಸಮ ಬರುತ್ತಿದ್ದರೆ ಮಾತ್ರ ಮೇಲೆಳೆದು ನೋಡಿ.

ಎಂಜಿನ್ ಜೋಡಣೆ ಇದಾದ ಮೇಲೆ. ದಡದ ಮೇಲಿರುವ ಬೋಟಿನ ಆಕಾರ ಬೇರೆ, ತೇಲುವ ಬೋಟಿನ ಆಕಾರ ಬೇರೆ. ದಡದಲ್ಲಿ ಎಷ್ಟೇ ಅಚ್ಚುಕಟ್ಟಾಗಿ ಕೂರಿಸಿದ್ದರೂ ನೀರಿನಲ್ಲಿ ತಪ್ಪುತ್ತದೆ. ದಡದಲ್ಲಿ ಅಂದಾಜಿಗೆ ಕೂರಿಸಿ, ಬೋಟು ಕೆಲವು ದಿನ ತೇಲಿ, ಟ್ಯಾಂಕಿಗೆ ಡೀಸೆಲ್ ತುಂಬಿದ ಮೇಲೆ ಕಪ್ಲಿಂಗ್ ಬೋಲ್ಟು ಬಿಚ್ಚಿ. ಎರಡು ಮುಖಗಳನ್ನು ಹತ್ತಿರ ತಂದು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಫೀಲರ್ ಗೇಜ್ ತೂರಿಸಿ. 100 ಮಿಲಿಮೀಟರ್ ಅಗಲದ ಕಪ್ಲಿಂಗ್‌ನಲ್ಲಿ ಎಲ್ಲಿಯೂ 0.1 ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಷಾಫ್ಟನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ. ಅಂತರ ಷಾಫ್ಟಿನ ಜೊತೆ ತಿರುಗಿದರೆ ಷಾಫ್ಟೋ ಕಪ್ಲಿಂಗೋ ಬಾಗಿದೆ. ಒಂದೇ ಕಡೆ ನಿಂತರೆ ಎಂಜಿನ್ ಸರಿಸಬೇಕು. ಷಿಮ್ ಕಟ್ಟುಗಳಿಗೆ ಹಚ್ಚಿದ ಚೀಟಿ ಈಗ ಉಪಯೋಗಕ್ಕೆ ಬರುತ್ತದೆ.

ಮೊದಲ ಸ್ಟಾರ್ಟಿಗೆ ಮುಂಚೆ ಡೀಸೆಲ್ ಸ್ಟಾಪ್ ಎಳೆದಿಟ್ಟು ಎಂಜಿನ್ ತಿರುಗಿಸಿ, ಆಯಿಲ್ ಪ್ರೆಷರ್ ಏರುವುದನ್ನು ನೋಡಿ. ಸ್ಟಾರ್ಟ್ ಆದ ಕೂಡಲೇ ಹಿಂದೆ ಬಗ್ಗಿ ಎಕ್ಸಾಸ್ಟಿನಿಂದ ನೀರು ಬರುತ್ತಿದೆಯಾ ನೋಡಿ. ಅರ್ಧ ನಿಮಿಷದಲ್ಲಿ ಬರದಿದ್ದರೆ ನಿಲ್ಲಿಸಿ.

ಹೊಸ ರಿಂಗ್ ಕೂರಲು ಎಂಜಿನ್ ಮೇಲೆ ಸ್ವಲ್ಪ ಭಾರ ಬೇಕು. ಹೊಸ ಎಂಜಿನ್ ಅಂತ ಮುದ್ದು ಮಾಡಿ, ದಡದಲ್ಲಿ ಕಟ್ಟಿ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಟ್ಟರೆ ಲೈನರ್ ನುಣುಪಾಗಿ ಆಯಿಲ್ ತಿನ್ನಲು ಶುರು ಮಾಡುತ್ತದೆ. ಗೇರ್ ಹಾಕಿ, ಅರ್ಧದಿಂದ ಮುಕ್ಕಾಲು ವೇಗದಲ್ಲಿ, ವೇಗ ಬದಲಿಸುತ್ತಾ ಓಡಿಸಿ. ಪೂರ್ತಿ ವೇಗ ಮಾತ್ರ ಸದ್ಯಕ್ಕೆ ಬೇಡ. ಮೊದಲ 20–25 ಗಂಟೆಯಾದ ಮೇಲೆ ಆಯಿಲ್, ಫಿಲ್ಟರ್ ಬದಲಿಸಿ, ಟ್ಯಾಪೆಟ್ (ವಾಲ್ವಿನ ಸಡಿಲ) ನೋಡಿ, ಮ್ಯಾನ್ಯುಯಲ್ ಹೇಳಿದ್ದರೆ ಹೆಡ್ ಬೋಲ್ಟು ಮತ್ತೆ ಬಿಗಿಯಿರಿ. ಅದೇ ದಿನ ಎಂಜಿನ್ ಕಾಲಿನ ಬೋಲ್ಟನ್ನೂ ನೋಡಿ, ಕಪ್ಲಿಂಗ್ ಇನ್ನೊಮ್ಮೆ ಬಿಚ್ಚಿ ಅಳೆಯಿರಿ. ಹೊಸ ಬೆಡ್ ಮರ ಅಷ್ಟರಲ್ಲಿ ಕೂತಿರುತ್ತದೆ. ಒಂದೆರಡು ತೆಳು ಷಿಮ್ ಬದಲಿಸಬೇಕಾಗಿ ಬರುವುದು ಮಾಮೂಲಿ.